ಮೂಢಂ ಮುಗಿಯುವುದರೊಳಗೆ

ಅಕ್ಟೋಬರ್ 30, ಗುರುವಾರ

ಕಾರ್ತಿಕ ಬಂತು, ನನ್ನ ಸೊಂಟ ಹೋಯಿತು. ಇವತ್ತಿನ ಮದುವೆ ಹೈದರಾಬಾದಿನ ಕೊಂಪಲ್ಲಿಯ ಫಂಕ್ಷನ್ ಹಾಲಿನಲ್ಲಿ. ನಾನು ಕಾಡಿಗೆ ಹಚ್ಚಲು ಕೂತಾಗ ಅಳಲು ಶುರುಮಾಡಿದ ಮದುವಣಗಿತ್ತಿ ತಾಳಿ ಕಟ್ಟುವವರೆಗೆ ನಿಲ್ಲಿಸಲಿಲ್ಲ. ತಲೆಯ ಮೇಲೆ ಜೀರಿಗೆ ಬೆಲ್ಲ ಇಡುವ ಹೊತ್ತಿಗೆ ಮೂರು ಸಲ ಕಣ್ಣು ತಿದ್ದಿದ್ದೆ. ಅವಳ ತಾಯಿ ಆಂಡಾಳು ಗಾರು ಮಾತ್ರ ನಗುನಗುತ್ತಲೇ ಓಡಾಡುತ್ತಿದ್ದರು. ಎರಡನೆಯ ಮಗಳ ಮದುವೆಯೂ ಗೊತ್ತಾಗಿದೆಯಂತೆ. ಮೂಢಂ ಮುಗಿದ ಮೇಲಿನ ಮೊದಲ ಮುಹೂರ್ತಕ್ಕೇ ಇಟ್ಟುಕೊಂಡಿದ್ದಾರಂತೆ, ಮೇಕಪ್ ನನಗೇ ಎಂದು ಎಲ್ಲರೆದುರು ಹೇಳಿದರು. ದೊಡ್ಡ ಬಳಗ ಅವರದು. ಆ ಮನೆಯಲ್ಲಿ ಹೆಸರು ಉಳಿಸಿಕೊಂಡರೆ ಎರಡು ಮೂರು ವರ್ಷ ಕೆಲಸ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಈ ಸಲದ ಮೂಢಂ ಮಾತ್ರ ಭಾರಿ ಉದ್ದ. ನವೆಂಬರ್ ಕೊನೆಗೆ ಶುಕ್ರ ಸೂರ್ಯನ ಬೆಳಕಿನಲ್ಲಿ ಮುಳುಗಿದರೆ ಫೆಬ್ರುವರಿ ಹದಿನೇಳರತನಕ ಕಾಣುವುದಿಲ್ಲ. ಅಲ್ಲಿಯವರೆಗೆ ಯಾರೂ ಮದುವೆ ಮಾಡುವುದಿಲ್ಲ. ಬಂಗಾರದಂಥ ಮಾಘಮಾಸ ಪೂರ್ತಿ ಹೋಯಿತು. ಹಾಗಾಗಿ ಈಗ ಬಂದದ್ದನ್ನೆಲ್ಲ ಒಪ್ಪಿಕೊಳ್ಳುತ್ತಿದ್ದೇನೆ. ಒಂದೇ ದಿನ ಎರಡು ಮದುವೆ ಬಂದರೂ ಸರಿಯೇ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೈ ಚಾಚಿದರು. ಫೋನು ಬೇಕು. ಮದುವಣಗಿತ್ತಿಯ ಫೋಟೋ ನೋಡದೆ ನನಗೆ ಊಟ ಬಡಿಸುವುದಿಲ್ಲ ಅವರು.

“ಹುಬ್ಬು ಭಾಳ ದಪ್ಪ ಆಗ್ಯಾವ ನೋಡು, ಪ್ರಿಯಾ. ಹುಡುಗಿ ಫೌಜುದಾರನಂಗ ಕಾಣ್ಲಿಕತ್ತಾಳ.”

“ಈಗ ಹಂಗ ಫ್ಯಾಶನ್ ಅದರಿ, ಅತ್ತಿ.”

“ಅಳೋದೂ ಫ್ಯಾಶನ್ನೇನು?”

ನನಗೆ ಬಿಸಿ ಜೋಳದ ಭಕ್ರಿ, ಪುಂಡಿಪಲ್ಯ. ತಮಗೆ ಮಜ್ಜಿಗೆಯಲ್ಲಿ ಕಿವುಚಿದ ಅನ್ನ. ಭಕ್ರಿ ಯಾಕೆ ಬೇಡ ಎಂದರೆ ಹಲ್ಲು ನೋವಂತೆ. ಗುಲಬರ್ಗಾದ ಹೆಣ್ಣುಮಗಳು ಭಕ್ರಿ ಬಿಟ್ಟರೆ ಮಳೆ ಬರುತ್ತದೆ ಎಂದು ನಕ್ಕೆ. ಅವರೂ ನಕ್ಕರು.

ನವೆಂಬರ್ 8, ಶನಿವಾರ

ಬೆಳಿಗ್ಗೆ ಉಪ್ಪಲ್, ಸಂಜೆ ಬೇಗಂಪೇಟೆ. ಉಪ್ಪಲ್‌ನಲ್ಲಿ ಹೂವಿನ ಜಡೆ ತಡವಾಗಿ ಬಂದು ಎಲ್ಲ ಹಿಂದೆಬಿತ್ತು. ಬೇಗಂಪೇಟೆಯವರು ಫೋನು ಮಾಡಿದಾಗ ತಾರ್ನಾಕಾ ದಾಟಿದ್ದೇನೆ ಅಂದೆ. ಆಗಿನ್ನೂ ಮೊದಲನೆಯ ಹುಡುಗಿಯ ಕೂದಲಿಗೆ ಪಿನ್ ಹಾಕುತ್ತಿದ್ದೆ. ಈ ಸೀಜನ್ನಿನಲ್ಲಿ ಸುಳ್ಳಿಗೆ ಪಾಪವಿಲ್ಲ. ಪಾಪ ಹತ್ತುವುದಿದ್ದರೆ ಹೈದರಾಬಾದಿನ ಟ್ರಾಫಿಕ್ಕಿಗೆ ಹತ್ತಲಿ.

ಊಟಕ್ಕೆ ಕೂತಾಗ ಅತ್ತೆಗೆ ಕೆಮ್ಮು ಹತ್ತಿತು. ಅನ್ನ ಗಂಟಲಲ್ಲಿ ನಿಂತಂತಾಗಿ ಎದ್ದು ಬಚ್ಚಲಿಗೆ ಹೋದರು. ಬಂದು ಕೂತವರೇ ನೀರು ಕುಡಿದು, ಏನೂ ಆಗಿಲ್ಲವೆಂಬಂತೆ ಫೋಟೋ ಕೇಳಿದರು. ಡಾಕ್ಟರಿಗೆ ತೋರಿಸೋಣ ಅಂದೆ.

“ತೋರ್ಸೋಣಂತ. ಮೂಢಂ ಬರ್ಲಿ. ಈಗ ನಿನಗ ಉಸಿರು ಬಿಡ್ಲಿಕ್ಕೂ ಪುರಸೊತ್ತಿಲ್ಲ.”

ನಮ್ಮ ಮನೆಯಲ್ಲಿ ಎಲ್ಲದಕ್ಕೂ ಇದೇ ಮಾತು. ಗೀಜರು ಕೆಟ್ಟಿದೆ, ಮೂಢಂ ಬರಲಿ. ನನ್ನ ದವಡೆ ಹಲ್ಲು, ಮೂಢಂ ಬರಲಿ. ಹಳೆಯ ಗಾದಿ ಹಿಂಜಿಸಬೇಕು, ಮೂಢಂ ಬರಲಿ. ಬೇರೆಯವರು ಒಳ್ಳೆಯ ದಿನಕ್ಕಾಗಿ ಕಾಯುತ್ತಾರೆ, ನಾವು ಕೆಟ್ಟ ದಿನಕ್ಕಾಗಿ ಕಾಯುತ್ತೇವೆ ಎಂದು ನಮ್ಮ ಯಜಮಾನರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇನ್ಶೂರೆನ್ಸ್ ಆಫೀಸಿನಲ್ಲಿ ಕೂತು ತಿಂಗಳಿಗೊಂದು ಪಗಾರ ತರುವವರಿಗೆ ಇದು ತಿಳಿಯುವುದಲ್ಲ. ಅತ್ತೆಗೆ ತಿಳಿಯುತ್ತದೆ. ಪಂಚಾಂಗ ನೋಡಿ ಯಾವ ವಾರ ಕೆಲಸ ಹೆಚ್ಚು, ಯಾವ ವಾರ ಬಿಡುವು ಎಂದು ನನಗಿಂತ ಮೊದಲು ಹೇಳುವವರು ಅವರೇ.

ನವೆಂಬರ್ 16, ಭಾನುವಾರ

ಅತ್ತೆಯ ರವಿಕೆಗಳೆಲ್ಲ ಸಡಿಲಾಗಿವೆ. ಹೊಲಿಗೆ ಒಳಗೆ ಹಿಡಿದುಕೊಡು ಎಂದು ಮೂರು ರವಿಕೆ ತಂದಿಟ್ಟರು.

“ಮೈ ಹಗುರಾಗ್ಯದ. ಈಗ ಮೆಟ್ಲ ಹತ್ತಲಿಕ್ಕೆ ತ್ರಾಸಿಲ್ಲ.”

ನನಗೆ ಹೊಟ್ಟೆಕಿಚ್ಚಾಯಿತು. ಮದುವೆಮನೆಯ ಮಿಠಾಯಿ ತಿಂದು ನಾನು ಊದುತ್ತಿದ್ದೇನೆ, ಅತ್ತೆ ಕೂತಲ್ಲೇ ಕರಗುತ್ತಿದ್ದಾರೆ.

ಅವ್ವನನ್ನು ದವಾಖಾನೆಗೆ ಕರೆದುಕೊಂಡು ಹೋಗು ಎಂದು ಇವರು ನನಗೆ ಹೇಳಿದರು. ಸಿಟ್ಟು ಬಂತು. ಮಗ ನೀವೋ ನಾನೋ ಎಂದು ಕೇಳಿದೆ. ನಾಳೆ ರಜೆ ಹಾಕುತ್ತೇನೆ ಎಂದು ಇವರು ಕರೆದರೂ ಅತ್ತೆ ಒಪ್ಪಲಿಲ್ಲ. ಗಂಡಸರ ಜೋಡಿ ಹೋಗಿ ಡಾಕ್ಟರ್ ಮುಂದೆ ಏನಂತ ಹೇಳಲಿ, ಪ್ರಿಯಾ ಬಂದರೆ ಹೋಗುತ್ತೇನೆ ಅಂದರು. ಇನ್ನೊಂದು ವಾರ, ಹತ್ತು ದಿನ. ಅಷ್ಟರಲ್ಲಿ ಏನಾಗುತ್ತದೆ.

ನವೆಂಬರ್ 25

ಸೀಜನ್ನಿನ ಕೊನೆಯ ಮದುವೆ ಮುಗಿಯಿತು. ಬ್ರಶ್ಶುಗಳನ್ನು ತೊಳೆಯದೇ ಮಲಗುತ್ತಿದ್ದೇನೆ.

ನವೆಂಬರ್ 28, ಶುಕ್ರವಾರ

ದವಾಖಾನೆ. ಬೆಳಿಗ್ಗೆ ಹೋದವರು ಸಂಜೆ ಬಂದೆವು. ಬಾಯಿಯೊಳಗಿಂದ ನಳಿಗೆ ಬಿಟ್ಟು ನೋಡಿದರು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಯಾವಾಗಿನಿಂದ ನುಂಗಲು ಕಷ್ಟ ಎಂದು ಡಾಕ್ಟರು ತೆಲುಗಿನಲ್ಲಿ ಕೇಳಿದರು. ನಾನು ಹದಿನೈದು ದಿನ ಎಂದು ಹೇಳುವಷ್ಟರಲ್ಲಿ ಅತ್ತೆ ಬಾಯಿ ಹಾಕಿದರು.

“ದಸರಾಕ್ಕಿಂತ ಮೊದ್ಲಿಂದ. ಮೊದ್ಲು ಭಕ್ರಿ ಇಳೀಲಿಲ್ಲ. ಆಮೇಲೆ ಅನ್ನ. ಈಗ ಗಂಜಿನೂ ನಿಂತು ನಿಂತು ಇಳೀತದ.”

ನಾನು ತೆಲುಗಿಗೆ ತಿರುಗಿಸಿ ಹೇಳಬೇಕಿತ್ತು. ಹೇಳಿದೆ. ಹೊರಗೆ ಬಂದು, ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ.

“ಸೀಜನ್ ಇತ್ತಲ್ಲ” ಅಂದರು, ಹಾಲು ಉಕ್ಕಿತ್ತಲ್ಲ ಎನ್ನುವ ಹಾಗೆ.

ಡಿಸೆಂಬರ್ 4, ಗುರುವಾರ

ಅನ್ನನಾಳದ ಕ್ಯಾನ್ಸರ್. ಬಹಳ ಮುಂದೆ ಹೋಗಿದೆಯಂತೆ, ಆಪರೇಶನ್ ಆಗುವುದಿಲ್ಲವಂತೆ. ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟು ಗಡ್ಡೆ ಕುಗ್ಗಿಸಿದರೆ ನುಂಗಲು ಸ್ವಲ್ಪ ಹಾದಿಯಾಗಬಹುದು ಎಂದರು. ಗುಣವಾಗುತ್ತದೆ ಎಂಬ ಮಾತನ್ನು ಡಾಕ್ಟರು ಆಡಲೇ ಇಲ್ಲ. ಇವರು ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತರು. ಮದುವೆಯಾಗಿ ಹದಿನಾರು ವರ್ಷದಲ್ಲಿ, ಮಾವನವರು ಹೋದಾಗಲೂ, ಹೀಗೆ ಅತ್ತದ್ದನ್ನು ನೋಡಿರಲಿಲ್ಲ.

ನಾನು ಅಳಲಿಲ್ಲ. ಯಾರಾದರೂ ಒಬ್ಬರು ತಲೆ ನೆಟ್ಟಗೆ ಇಟ್ಟುಕೊಳ್ಳಬೇಕು. ಪುಣ್ಯಕ್ಕೆ ಇದು ಮೂಢಂನಲ್ಲೇ ಬಂತು. ಅಮೀರ್‌ಪೇಟ್ ಹಾಸ್ಟೆಲಿನ ಹುಡುಗಿಯರಿಗೆ ಮೇಕಪ್ ಕ್ಲಾಸು ತೆಗೆದುಕೊಳ್ಳುವುದಿತ್ತು, ಬಿಟ್ಟೆ. ಡಿಸೆಂಬರ್ ಪೂರ್ತಿ ಕರೆಂಟು. ಸಂಕ್ರಾಂತಿಯ ಹೊತ್ತಿಗೆ ಮೈ ಸುಧಾರಿಸಿಕೊಳ್ಳಬೇಕು. ಫೆಬ್ರುವರಿಯಲ್ಲಿ ಸೀಜನ್ ಶುರುವಾಗುವಷ್ಟರಲ್ಲಿ ಅವರು ಎದ್ದು ಓಡಾಡಿಕೊಂಡಿರಬೇಕು. ಎಲ್ಲ ಸರಿಯಾಗಿ ಕೂಡುತ್ತದೆ.

ಡಿಸೆಂಬರ್ 13, ಶನಿವಾರ

ಕರೆಂಟು ನಡೆದಿದೆ. ಗಂಟಲು ಸುಟ್ಟ ಹಾಗಾಗುತ್ತದಂತೆ. ಕುಡಿದ ಗಂಜಿ ಅರ್ಧ ವಾಪಸು ಬರುತ್ತದೆ.

ಅಡುಗೆಮನೆ ಈಗ ನನ್ನ ಪಾಲಿಗೆ ಬಂದಿದೆ. ಜೋಳದ ಹಿಟ್ಟು ಯಾವ ಡಬ್ಬಿಯಲ್ಲಿದೆ ಎಂದು ಕೇಳಿದ್ದಕ್ಕೆ ಅತ್ತೆ ಮಲಗಿದಲ್ಲಿಂದಲೇ, “ಹೊಸ ಸೊಸಿ ಬಂದಾಳ ನೋಡ್ರಪಾ, ಡಬ್ಬಿ ತೋರಸ್ರಿ” ಎಂದು ಇವರಿಗೆ ಹೇಳಿದರು. ಹದಿನಾರು ವರ್ಷದ ಹೊಸ ಸೊಸೆ.

ನಮಗೆ ಮಕ್ಕಳಿಲ್ಲ. ಆ ಮಾತು ಮನೆಯಲ್ಲಿ ನಿಂತು ಎಷ್ಟೋ ಕಾಲವಾಯಿತು. ಅತ್ತೆಗೆ ಕೂಸಿನ ಹಾಗೆ ಚಮಚದಿಂದ ಗಂಜಿ ಕುಡಿಸುವಾಗ ಇವತ್ತು ಯಾಕೋ ನೆನಪಾಯಿತು.

ಡಿಸೆಂಬರ್ 19

“ಈ ಮೂಢಂ ಎಂದ ಮುಗೀತದ?” ಎಂದು ಅತ್ತೆ ಕೇಳಿದರು. ಪಂಚಾಂಗ ಹಿಡಿದುಕೊಳ್ಳಲು ಕೈಯಲ್ಲಿ ಬಲ ಸಾಲದು.

“ಫೆಬ್ರುವರಿ ಹದಿನೇಳಕ್ಕರಿ.”

“ಮೊದ್ಲನೇ ಮುಹೂರ್ತ?”

“ಹತ್ತೊಂಬತ್ತಕ್ಕ. ಆಂಡಾಳು ಗಾರು ಎರಡನೇ ಮಗಳದು.”

ಬೆರಳು ಮಡಚಿ ಏನೋ ಎಣಿಸಿದರು, ಸಮಾಧಾನವಾದವರಂತೆ ಕಣ್ಣು ಮುಚ್ಚಿದರು. ನನಗೆ ಧೈರ್ಯ ಬಂತು. ಮುಂದಿನ ಸೀಜನ್ನಿನ ಮೇಲೆ ಅವರಿಗಿನ್ನೂ ಆಸೆಯಿದೆ.

ಡಿಸೆಂಬರ್ 28, ಭಾನುವಾರ

ಕ್ರೈಸ್ತರಿಗೆ ಮೂಢಂ ಇಲ್ಲ. ಪ್ರತಿ ವರ್ಷ ಡಿಸೆಂಬರಿನಲ್ಲಿ ಸಿಕಂದರಾಬಾದಿನ ಚರ್ಚಿನ ಮದುವೆಗಳೇ ನನ್ನ ಕೈ ಹಿಡಿಯುವುದು. ಈ ಸಲ ಎಲ್ಲ ಬಿಟ್ಟಿದ್ದೆ, ಆದರೆ ನಿನ್ನೆಯದೊಂದಕ್ಕೆ ಹೋಗಲೇಬೇಕೆಂದು ಅತ್ತೆ ಹಟ ಹಿಡಿದರು. ಬಿಳಿ ಗೌನು ಹಾಕಿದ ಮದಲಗಿತ್ತಿಯ ಫೋಟೋ ನೋಡಬೇಕಂತೆ. ಇವರು ಮನೆಯಲ್ಲಿರುತ್ತೇನೆ ಎಂದರು, ಹೋದೆ.

ಬಂದಾಗ ಅತ್ತೆ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಇವರು ಔಷಧಿ ತರಲು ಕೆಳಗೆ ಹೋಗಿದ್ದರಂತೆ, ಐದೇ ನಿಮಿಷ. ಒಬ್ಬಳೇ ಎತ್ತಿದೆ. ನನ್ನ ಮೇಕಪ್ ಪೆಟ್ಟಿಗೆಯಷ್ಟೂ ಭಾರವಿರಲಿಲ್ಲ. ಮಂಚದ ಮೇಲೆ ಮಲಗಿಸಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಹೊರಗೆ ಬರುವಷ್ಟರಲ್ಲಿ ಅವರು ಕೈ ಚಾಚಿಕೊಂಡಿದ್ದರು. ಫೋನು ಬೇಕಂತೆ.

“ಪಾಪ, ಛಂದ ಇದ್ದಾಳ. ಖರೆ, ಹಣಿ ಬೋಳು ಬೋಳು ಕಾಣ್ತದ” ಎಂದರು.

ಜನವರಿ 5, ಸೋಮವಾರ

ಕರೆಂಟಿನಿಂದ ಏನೂ ಆಗಲಿಲ್ಲ. ನೀರು ಕೂಡ ಸರಿಯಾಗಿ ಇಳಿಯುತ್ತಿಲ್ಲ. ಹೊಟ್ಟೆಗೆ ನೇರವಾಗಿ ನಳಿಗೆ ಹಾಕಿ ಅದರಿಂದಲೇ ಆಹಾರ ಕೊಡೋಣ ಎಂದರು ಡಾಕ್ಟರು. ಹಾಕಿಸಿದರೆ ಮೂರು ನಾಲ್ಕು ತಿಂಗಳಾದರೂ ಇರುತ್ತಾರೆ, ಹಾಕದಿದ್ದರೆ ಕೆಲವು ವಾರ ಮಾತ್ರ. ಇವರು ಆಗಲಿ ಎಂದು ಸಹಿ ಹಾಕಲು ಪೆನ್ನು ತೆಗೆದರು. ಅತ್ತೆ ಬೇಡವೆಂದರು. ಇವರು ಕಾಲು ಹಿಡಿದುಕೊಂಡರು. ಆಗಲೂ ಬೇಡ.

ಮನೆಗೆ ಬಂದ ಮೇಲೆ, ಇವರು ಹೊರಗೆ ಹೋದದ್ದು ನೋಡಿ, ನನ್ನನ್ನು ಹತ್ತಿರ ಕರೆದರು. ದನಿ ಪಿಸುಮಾತಾಗಿದೆ, ಕಿವಿ ಇಟ್ಟು ಕೇಳಬೇಕು.

“ನಳಿಗಿ ಹಾಕಿದ್ರ ಯುಗಾದಿ ತನಕ ಎಳೀತಾರ. ನಾ ಹೋಗೋದು ಫಾಲ್ಗುಣದಾಗ ಬರ್ತದ. ಆಗ ನಿನ್ನ ಗತಿ ಏನು?”

“ಅಂದ್ರ ಏನ್ರಿ?”

“ನಿಮ್ಮ ಮಾವನವ್ರು ಹೋದಾಗ ನೋಡೀನಲ್ಲ. ಸೂತಕದಾಕಿಗೆ ಯಾರು ಮದಲಗಿತ್ತಿ ಮುಟ್ಟಗೊಡ್ತಾರ?”

ಮಾವನವರು ಹೋದದ್ದು ಎರಡು ವರ್ಷದ ಹಿಂದಿನ ಮಾಘದಲ್ಲಿ, ಕೈತುಂಬ ಮದುವೆಗಳಿದ್ದಾಗ. ಆಗ ಒಬ್ಬ ಮದುವಣಗಿತ್ತಿಯ ಸೋದರತ್ತೆ ಬಂದು ಗೇಟಿನ ಹೊರಗೇ ನಿಂತು, ನೀವು ಬರುವುದು ಬೇಡ, ಹುಡುಗಿಗೆ ಅಮಂಗಳ ಎಂದು ಹೇಳಿ ಹೋಗಿದ್ದಳು. ಆ ತಿಂಗಳ ಮದುವೆಗಳೆಲ್ಲ ಬೇರೆಯವಳ ಪಾಲಾದವು. ಜೊತೆಗೆ ಅವರ ನೆಂಟರ ಮದುವೆಗಳೂ ಹೋದವು. ಮತ್ತೆ ನಾಲ್ಕು ಜನರ ಬಾಯಲ್ಲಿ ನನ್ನ ಹೆಸರು ಬರಲು ಒಂದೂವರೆ ವರ್ಷ ಹಿಡಿಯಿತು. ಗೇಟಿನ ಮಾತು ಒಳಗೆ ಹೊಸದಾಗಿ ಹಣೆ ಬರಿದಾಗಿ ಕೂತಿದ್ದ ಅತ್ತೆಗೆ ಕೇಳಿಸಿತ್ತೆಂದು ನನಗೆ ಗೊತ್ತಿರಲಿಲ್ಲ.

“ಮೂಢಂನ್ಯಾಗ ಹೋದ್ರ ಹದಿಮೂರು ದಿನ ಅದರಾಗ ಮುಗೀತಾವ. ಯಾರಿಗೂ ತ್ರಾಸಿಲ್ಲ. ವಿಶ್ವಜಿತಗ ಹೇಳಬ್ಯಾಡ, ಮರಗತಾನ.”

ಹುಚ್ಚು ಹಿಡಿದಿದೆ ನಿಮಗೆ ಎಂದು ಎದ್ದು ಬಂದೆ. ಅಡುಗೆಮನೆಯಲ್ಲಿ ನಿಂತುಕೊಂಡೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದನ್ನು ಓದುವವರು ಯಾರಿದ್ದಾರೆ. ನಿಂತಲ್ಲೇ ನಾನೂ ಒಂದು ಕ್ಷಣ ಎಣಿಸಿದೆ. ಫೆಬ್ರುವರಿ ಹತ್ತೊಂಬತ್ತರಿಂದ ಹಿಂದಕ್ಕೆ ಎಣಿಸಿದೆ.

ಜನವರಿ 7

ಇವರಿಗೆ ಹೇಳಿಬಿಟ್ಟೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಮಾತಲ್ಲ ಅದು.

“ನಮ್ಮವ್ವ ನಿನ್ನ ಸೀಜನ್ ಸಲುವಾಗಿ ಸಾಯ್ಲಿಕತ್ತಾಳ ಹಂಗಾದ್ರ.”

ಕೈಯಲ್ಲಿದ್ದ ಲೋಟ ಎಸೆದೆ. ನಾನು ಕೇಳಿದ್ದೆನೇ, ನಾನು ಹೇಳಿದ್ದೆನೇ ಎಂದು ಕಿರುಚಿದೆ. ಒಳಗಿನಿಂದ ಅತ್ತೆ ಮಂಚದ ಪಟ್ಟಿಗೆ ಬಡಿದು ಕರೆಯುತ್ತಿದ್ದರು. ಇಬ್ಬರೂ ಓಡಿದೆವು. ಜಗಳ ಬಿಡಿಸಲು ಅವರಿಗೆ ಆದದ್ದು ಅಷ್ಟೇ.

ಜನವರಿ 15

ಸಂಕ್ರಾಂತಿ. ಕುಸುರೆಳ್ಳು ಅಂಗಡಿಯಿಂದ ತಂದೆವು. ಪ್ರತಿ ವರ್ಷ ಅತ್ತೆಯೇ ಮಾಡುತ್ತಿದ್ದರು. ಒಂದೇ ಒಂದು ಕಾಳು ಅವರ ನಾಲಿಗೆಯ ಮೇಲಿಟ್ಟೆ, ಕರಗುವತನಕ ಬಾಯಿ ಮುಚ್ಚಿಕೊಂಡಿದ್ದರು. ಎಳ್ಳು ಕೊಟ್ಟವರೊಂದಿಗೆ ಒಳ್ಳೆಯ ಮಾತಾಡಬೇಕಲ್ಲ, ಅದನ್ನೇ ಹಿಡಿದುಕೊಂಡೆ.

“ಅತ್ತಿ, ನಳಿಗಿ ಹಾಕಿಸ್ಕೋರಿ. ಫಾಲ್ಗುಣದಾಗ ನಾ ಯಾವ ಮದವೀನೂ ತಗೊಂಡಿಲ್ಲ. ಎಲ್ಲಾ ಬಿಟ್ಟೀನಿ.”

“ಖೊಟ್ಟಿ ಮಾತಾಡಬ್ಯಾಡ. ಆಂಡಾಳು ಫೋನ್ ಮಾಡಿದ್ದು ಮೊನ್ನೆ ಕೇಳೀನಿ. ಸೀರಿ ಬಣ್ಣ ಹೇಳ್ಲಿಕತ್ತಿದ್ಲು.”

“ನಾಳೆ ಬಿಡ್ತೀನ್ರಿ. ಈಗ ಫೋನ್ ಮಾಡ್ಲಿ?”

“ಮಾಡಿ ನೋಡು” ಎಂದರು. ಆ ಕಣ್ಣುಗಳಲ್ಲಿ ಎಷ್ಟು ಸಿಟ್ಟಿತ್ತೆಂದರೆ ನಾನು ಫೋನು ಕೆಳಗಿಟ್ಟೆ. ಆಮೇಲೆ ನನ್ನ ಕೈ ಹಿಡಿದು ತಟ್ಟಿದರು. “ಈ ಕೈಯಾಗ ಕಲಾ ಅದ. ನಾ ಹದಿನೆಂಟಕ್ಕ ಈ ಮನಿಗೆ ಬಂದೀನಿ, ಭಕ್ರಿ ಬಡಿಯೋದು ಬಿಟ್ರ ಏನೂ ಕಲೀಲಿಲ್ಲ. ಮನ್ಯಾಗ ಕುಂಡ್ರಬ್ಯಾಡ ನೀ.”

ನನಗೆ ಭಕ್ರಿ ಬಡಿಯಲು ಇನ್ನೂ ಬರುವುದಿಲ್ಲ, ಕಲಿಸಿಕೊಡಲಿಕ್ಕಾದರೂ ಇರಿ ಎಂದು ಹೇಳಬೇಕೆಂದಿದ್ದೆ. ಹೇಳದೆ ಕುಸುರೆಳ್ಳಿನ ತಟ್ಟೆ ಎತ್ತಿಟ್ಟೆ.

ಜನವರಿ 21

ಬೆಳಿಗ್ಗೆ ಅತ್ತೆ ಬಾಯಾರಿಕೆಯಿಂದ ಒದ್ದಾಡಿದರು. ಸಲೈನ್ ಬಾಟಲಿ ಹಚ್ಚಿಸಲು ದವಾಖಾನೆಗೆ ಕರೆದುಕೊಂಡು ಹೋದೆವು. ಅಲ್ಲಿ ನಾನು ಡಾಕ್ಟರಿಗೆ ಕೈ ಮುಗಿದೆ. ಅವರ ಮಾತು ಕೇಳಬೇಡಿ, ನಳಿಗೆ ಹಾಕಿಬಿಡಿ ಎಂದೆ. ಡಾಕ್ಟರು ಪರೀಕ್ಷೆ ಮಾಡಿ ಹೊರಗೆ ಬಂದರು. ಈಗ ಮೈಯಲ್ಲಿ ಏನೂ ಉಳಿದಿಲ್ಲ, ಮಂಪರಿನ ಇಂಜೆಕ್ಷನ್ ಸಹ ತಡೆಯಲಾರರು, ಈ ತಿಂಗಳ ಮೊದಲಿಗೆ ಬಂದಿದ್ದರೆ ಆಗುತ್ತಿತ್ತು ಅಮ್ಮಾ ಎಂದರು.

ಈ ತಿಂಗಳ ಮೊದಲಿಗೆ ಬಂದೇ ಇದ್ದೆವು.

ಜನವರಿ 27

ಚಮಚದಿಂದ ನೀರು ಕೊಟ್ಟರೆ ನೆತ್ತಿಗೆ ಹತ್ತುತ್ತದೆ. ತುಟಿಗೆ ಬಣ್ಣ ಹಚ್ಚುವ ಹೊಸ ಬ್ರಶ್ಶೊಂದು ತೆಗೆದು, ಬಿಸಿನೀರಲ್ಲಿ ತೊಳೆದು, ಅದನ್ನು ನೀರಿನಲ್ಲಿ ಅದ್ದಿ ತುಟಿಗೆ ಹಚ್ಚುತ್ತಿದ್ದೇನೆ. ಹಾಗೆ ಮಾಡಿದರೆ ಕೆಮ್ಮುವುದಿಲ್ಲ. ತುಟಿ ಬಿರುಕು ಬಿಟ್ಟು ರಕ್ತ ಜಿನುಗುತ್ತಿತ್ತು, ತುಪ್ಪ ಸವರಿದೆ.

ಆಂಡಾಳು ಗಾರು ಫೋನು ಮಾಡಿದ್ದರಂತೆ. ನಾನು ನೋಡಿರಲಿಲ್ಲ. ಸಂಜೆ ಇವರು ಹೇಳಿದರು.

ಜನವರಿ 30

ಇವತ್ತು ಏಕಾದಶಿಯೋ ದ್ವಾದಶಿಯೋ ಎಂದು ಇವರು ಕೇಳಿದರು. ನನಗೆ ಗೊತ್ತಿರಲಿಲ್ಲ.

ಅತ್ತೆ ಮಧ್ಯಾಹ್ನ ಕಣ್ಣು ತೆರೆದಾಗ ಕೇಳಿದೆ.

“ಇನ್ನೊಂದಷ್ಟು ದಿನ ಇರ್ರಿ ಅತ್ತಿ. ಫಾಲ್ಗುಣಕ್ಕೂ ಇರ್ರಿ. ಚೈತ್ರಕ್ಕೂ ಇರ್ರಿ. ನಂದೇನೂ ಹೋಗೂದಿಲ್ಲ.”

ಕೇಳಿಸಿತೋ ಇಲ್ಲವೋ. ನನ್ನ ಮುಖ ನೋಡಿದರು. ಕಣ್ಣಿನ ಕೆಳಗೆ ಬೆರಳಿಟ್ಟು, ಕಪ್ಪಾಗಿದೆ ಎಂಬಂತೆ ತೋರಿಸಿದರು. ನಿದ್ದೆ ಮಾಡು ಎಂದು ಅರ್ಥ ಇರಬೇಕು.

ಫೆಬ್ರುವರಿ 2

ಅತ್ತೆ ಹೋದರು. ಬೆಳಿಗ್ಗೆ, ಇವರು ಹಾಲು ತರಲು ಹೋಗಿದ್ದಾಗ. ಬ್ರಶ್ಶು ತುಟಿಗೆ ಹಚ್ಚಿದೆ, ನೀರು ಪಕ್ಕಕ್ಕೆ ಇಳಿದುಹೋಯಿತು.

ಫೆಬ್ರುವರಿ 14, ಶನಿವಾರ

ಹದಿಮೂರನೆಯ ದಿನದ ಸಮಾರಾಧನೆ ಆಯಿತು. ಗುಲಬರ್ಗಾದಿಂದ, ಬೀದರಿನಿಂದ ನೆಂಟರು ಬಂದಿದ್ದರು. ಊಟವಾದ ಮೇಲೆ ಎಲ್ಲರದೂ ಒಂದೇ ಮಾತು. ಪುಣ್ಯವಂತಿ. ಬಹಳ ದಿನ ಮಲಗಲಿಲ್ಲ. ಯಾರ ಕೈಲೂ ಬೇಸರ ಎನಿಸಿಕೊಳ್ಳಲಿಲ್ಲ.

ಇವರ ಚಿಕ್ಕಪ್ಪನ ಮಗ ವಿನಾಯಕ ಎಲೆಯಡಿಕೆ ಹಾಕಿಕೊಳ್ಳುತ್ತ ನನಗೇ ಹೇಳಿದ: “ನೋಡ್ರಿ ವೈನಿ, ಎಷ್ಟು ಶಾಣ್ಯಾ ಇದ್ರು ದೊಡ್ಡವ್ವ. ನಿಮ್ಮ ಧಂದೆಕ್ಕೂ ಧಕ್ಕಿ ಆಗ್ಲಿಲ್ಲ. ಮೂಢಂನ್ಯಾಗ ಬಂದದ್ದು ಮೂಢಂನ್ಯಾಗ ಮುಗೀತು.”

ಪಾಪ, ಒಳ್ಳೆಯದಾಗಲೆಂದೇ ಹೇಳಿದ. ನನಗೆ ಅವನ ಮುಂದಿನ ತಟ್ಟೆ ಎತ್ತಿ ಒಗೆಯಬೇಕೆನಿಸಿತು.

ಕ್ರಿಯೆ ಮಾಡಿಸಿದ ಪುರೋಹಿತರು, ಭೀಮಾಶಂಕರ ಆಚಾರ್ಯರು, ಹೊರಡುವಾಗ ಹೇಳಿದರು, “ಸೂತಕ ಮುಗೀತಮ್ಮಾ. ನಿಮ್ಮ ಉದ್ಯೋಗಕ್ಕ ಇನ್ನ ಏನೂ ಅಡ್ಡಿಯಿಲ್ಲ. ಹತ್ತೊಂಬತ್ತಕ್ಕ ಹೋಗ್ರಿ.” ಹತ್ತೊಂಬತ್ತರ ಮಾತು ಅವರಿಗೆ ಹೇಗೆ ಗೊತ್ತು ಎಂದು ಕೇಳಿದೆ. ಡಿಸೆಂಬರಿನಲ್ಲೇ ಅತ್ತೆ ಫೋನು ಮಾಡಿ ವಿಚಾರಿಸಿದ್ದರಂತೆ. ಮಾಘದ ಹುಣ್ಣಿಮೆಯ ಆಚೀಚೆ ಜೀವ ಹೋದರೆ ಹತ್ತೊಂಬತ್ತರ ಮುಹೂರ್ತದೊಳಗೆ ಎಲ್ಲ ಸುಸೂತ್ರ ಮುಗಿಯುತ್ತದಲ್ಲವೇ ಎಂದು ಕೇಳಿದ್ದರಂತೆ. ಯಾರದೋ ವಿಷಯ ಇರಬೇಕು ಎಂದುಕೊಂಡು ಆಚಾರ್ಯರು ಹೌದು ಎಂದಿದ್ದರಂತೆ.

ಅತ್ತೆ ಹೋದದ್ದು ಹುಣ್ಣಿಮೆಯ ಮರುದಿನ.

ನೆಂಟರೆಲ್ಲ ಸಂಜೆಯ ಗಾಡಿಗೆ ಹೊರಟುಹೋದರು. ಮಂಚ ಖಾಲಿ ಇದೆ. ತೆಗೆಯುವುದು ಬೇಡ ಎಂದು ಇವರಿಗೆ ಹೇಳಿದೆ. ನನಗೆ ಅತ್ತೆಯ ಮೇಲೆ ಸಿಟ್ಟಿದೆ. ವರ್ಷಗಟ್ಟಲೆ ಮಲಗಿ, ನನ್ನನ್ನು ಕೂಗಿ ಕರೆದು, ಬೈದು, ನನ್ನ ಸೀಜನ್ನುಗಳನ್ನೆಲ್ಲ ಹಾಳು ಮಾಡಬಾರದಿತ್ತೇ?

ಫೆಬ್ರುವರಿ 16

ಇವರು ಆಫೀಸಿಗೆ ಹೋಗಲಿಲ್ಲ. ಇಬ್ಬರೂ ಅಡುಗೆಮನೆಯಲ್ಲಿ ನಿಂತು ಭಕ್ರಿ ಬಡಿದೆವು. ಒಂದೂ ದುಂಡಗಾಗಲಿಲ್ಲ, ಎರಡು ತವೆಗೆ ಹಾಕುವಾಗಲೇ ಹರಿದವು. ಹರಿದದ್ದನ್ನೇ ಹಾಲಿನಲ್ಲಿ ನೆನೆಸಿಕೊಂಡು ತಿಂದೆವು.

ಫೆಬ್ರುವರಿ 17

ಬೆಳಿಗ್ಗೆ ಆಂಡಾಳು ಗಾರು ಫೋನು ಮಾಡಿದರು. ಸುದ್ದಿ ಯಾರಿಂದಲೋ ಗೊತ್ತಾಗಿತ್ತು. ಒಳ್ಳೆಯ ಹೆಂಗಸು, ಮೊದಲು ಅತ್ತೆಯ ವಿಷಯ ಮಾತಾಡಿದರು, ವಯಸ್ಸೆಷ್ಟಾಗಿತ್ತು ಎಂದು ಕೇಳಿದರು, ಮರುಗಿದರು. ಆಮೇಲೆ ಕೇಳಿದರು.

“ಸೂತಕಂ ಅಯಿಪೋಯಿಂದಾ ಅಮ್ಮಾ? ಮಾ ಅತ್ತಗಾರು ಅಡುಗುತುನ್ನಾರು.”

ಸೂತಕ ಮುಗಿಯಿತೇ ಎಂದು ಅವರ ಮನೆಯಲ್ಲೂ ಒಬ್ಬ ಅತ್ತೆ ಕೇಳುತ್ತಿದ್ದಾರೆ. ಮುಗಿಯಿತು, ಹತ್ತೊಂಬತ್ತಕ್ಕೆ ಬೆಳಿಗ್ಗೆಯೇ ಬರುತ್ತೇನೆ ಎಂದು ಹೇಳಬೇಕಿತ್ತು. ಬ್ರಶ್ಶುಗಳನ್ನು ನಿನ್ನೆ ತೊಳೆದು ಒಣಗಿಸಿದ್ದೆ ಕೂಡ.

“ಅವ್ವಲೇದಂಡಿ” ಎಂದೆ. ಆಗಿಲ್ಲ.

ಎಂದು ಮುಗಿಯುತ್ತದೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಆ ಕಡೆ ಯಾರೊಂದಿಗೋ ಪಿಸುಗುಟ್ಟಿದರು, ಸರಿ ಅಮ್ಮಾ, ಏನೂ ತಿಳಿದುಕೊಳ್ಳಬೇಡಿ, ಬೇರೆಯವರನ್ನು ನೋಡುತ್ತೇವೆ ಎಂದು ಹೇಳಿ ಇಟ್ಟರು. ಅವರ ನೆಂಟರ ಮದುವೆಗಳೂ ಇನ್ನು ಆ ಬೇರೆಯವರಿಗೇ. ಅತ್ತೆ ಇದ್ದಿದ್ದರೆ ಕೈಯಿಂದ ಫೋನು ಕಸಿದುಕೊಂಡು ಬೈಯುತ್ತಿದ್ದರು.

ಇವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

“ಹದಿಮೂರು ದಿನ ಮುಗದಾವಲ್ಲ, ಪ್ರಿಯಾ. ಹಂಗ್ಯಾಕ ಹೇಳಿದಿ? ಅವ್ವ ಇಷ್ಟೆಲ್ಲಾ ಮಾಡಿದ್ದು ಯಾತರ ಸಲುವಾಗಿ?”

“ಗೊತ್ತದರಿ” ಎಂದೆ. “ಅತ್ತಿಯವರಿಂದ ನಮಗ ಇಷ್ಟಾದ್ರೂ ತ್ರಾಸ ಆಗ್ಲಿ ಬಿಡ್ರಿ.”

ಇವರು ಒಳಗೆ ಬಂದು ಮಂಚದ ಮೇಲೆ, ನನ್ನ ಪಕ್ಕದಲ್ಲಿ ಕೂತರು.